ಹಿನ್ನೀರಿಗೆ ಯಾವ ದೋಣಿ: ಫೈಬರೋ, ಅಲ್ಯೂಮಿನಿಯಮ್ಮೋ

ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾದ ಮೇಲೆ ಸಾಗರದಿಂದ ನನ್ನ ಹೆಂಡತಿಯ ತವರಿಗೆ ಹೋಗುವುದು ಬಹಳ ಸುಲಭವಾಗಿದೆ. 2.44 ಕಿಲೋಮೀಟರ್ ಉದ್ದ, ಕಾರು ಎಲ್ಲೂ ನಿಲ್ಲಿಸಬೇಕಿಲ್ಲ. ರಾತ್ರಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಬೆಳಗಿನ ಮೊದಲ ಲಾಂಚಿಗೆ ಕಾಯುತ್ತಾ ಕೂರಬೇಕಿಲ್ಲ. ಕರೂರು, ಬಾರಂಗಿ ಹೋಬಳಿಯ ಜನ ಇಷ್ಟು ವರ್ಷ ಕೇಳಿದ್ದು ಇದನ್ನೇ, ಮತ್ತು ಅದು ಸಿಗಲೇಬೇಕಿತ್ತು.

ಆದರೆ ನಮ್ಮ ಮಕ್ಕಳಿಗೆ ಅಜ್ಜನ ಮನೆಯ ದಾರಿಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಲಾಂಚ್. ಬಸ್ಸು, ಜೀಪು, ಬೈಕು, ಸಿಗಂದೂರಿಗೆ ಹೊರಟ ಭಕ್ತರು ಎಲ್ಲ ಒಟ್ಟಿಗೆ ನೀರಿನ ಮೇಲೆ ಹೋಗುವಾಗ ಅವರು ಕಂಬಿ ಹಿಡಿದು ನಿಂತುಬಿಡುತ್ತಿದ್ದರು. ಈಗ ಅದೇ ನೀರನ್ನು ಕಾರಿನ ಕಿಟಕಿಯಿಂದ ನೋಡುತ್ತಾರೆ. ಮಾವನವರಿಗೂ ಹಾಗೇ ಅನ್ನಿಸಿತ್ತು ಅಂತ ನನಗೆ ಆಮೇಲೆ ತಿಳಿಯಿತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆ ಆದಾಗ ಅವರಿಗೆ ಎಂಟೊಂಬತ್ತು ವರ್ಷ. ಅವರು ಹುಟ್ಟಿದ ಮನೆ, ತೋಟ, ಗದ್ದೆ ಎಲ್ಲ ಈ ನೀರಿನಡಿ ಇವೆ. ಲಾಂಚಿನಲ್ಲಿ ಹೋಗುವಾಗ ಒಂದು ದಿಕ್ಕಿಗೆ ಮುಖ ಮಾಡಿ ಕೂರುವುದು ಅವರ ಅಭ್ಯಾಸ. ಅದು ಯಾಕೆಂದು ನಾನು ಕೇಳಿರಲಿಲ್ಲ. ಒಂದು ದಿನ ಅವರೇ ಹೇಳಿದರು: "ಅಳಿಯಂದ್ರೇ, ಒಂದು ಸಣ್ಣ ಮೋಟಾರ್ ದೋಣಿ ತಗೊಳ್ಳೋಣ. ನಿಧಾನಕ್ಕೆ ಹೋಗಿ ನಮ್ಮನೆ ಇದ್ದ ಜಾಗದ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ. ಮಕ್ಕಳೂ ನೋಡಲಿ."

ನಾನು ಸಾಗರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಎಂಜಿನ್ನು, ಕಳೆ ಕತ್ತರಿಸುವ ಯಂತ್ರ, ಡೀಸೆಲ್ ಪಂಪು ಇವೇ ನನ್ನ ದಿನಗಳು. ದೋಣಿಯ ಎಂಜಿನ್ನೂ ನನ್ನ ಕೈಗೆ ದಕ್ಕುತ್ತದೆ ಎನ್ನುವ ಧೈರ್ಯವಿತ್ತು. ಆದರೂ ಮೊದಲು ಮಾಡಿದ್ದು ಕಾಗದದ ಕೆಲಸ. ಯಂತ್ರ ಹಾಕಿದ ದೋಣಿಗೆ ಒಳನಾಡು ಹಡಗುಗಳ ಕಾಯ್ದೆ 2021ರ ಪ್ರಕಾರ ತಪಾಸಣೆ, ನೋಂದಣಿ ಎರಡೂ ಬೇಕು. ಜಲಾಶಯ ವಿದ್ಯುತ್ ನಿಗಮದ್ದು. ಒಂದು ಭಾಗ ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿದೆ, ಅಲ್ಲಿ ಅರಣ್ಯ ಇಲಾಖೆಯ ಮಾತು ನಡೆಯುತ್ತದೆ. ನಮ್ಮ ಮನೆಯವರು ಓಡಾಡುವ ಭಾಗ ಅಭಯಾರಣ್ಯದ ಹೊರಗಿದೆ. ಅಲ್ಲಿಗೆ ಅನುಮತಿ ಸಿಗುತ್ತದೆ ಎಂದು ಖಚಿತವಾದ ಮೇಲೇ ದೋಣಿ ನೋಡಲು ಹೊರಟೆವು. ಯಾರಾದರೂ ಇದೇ ಯೋಚನೆಯಲ್ಲಿದ್ದರೆ ಈ ಕ್ರಮವನ್ನು ತಿರುವುಮುರುವು ಮಾಡಬೇಡಿ.

ಕೊನೆಗೆ ನಮ್ಮ ಮುಂದೆ ಉಳಿದದ್ದು ಎರಡು ದೋಣಿ, ಎರಡೂ ಬಳಸಿದವು. ಒಂದು ಹೊನ್ನಾವರದಲ್ಲಿ ಭಾವಮೈದ ಹುಡುಕಿದ ಫೈಬರ್ ದೋಣಿ. ಹದಿನೇಳು ಅಡಿ, ಅಡಿಭಾಗ ಆಳವಾದ ವಿ ಆಕಾರ, 60 ಎಚ್‌ಪಿ ಎಂಜಿನ್ನು, ಕಾರಿನ ಹಾಗೆ ಸ್ಟೀರಿಂಗ್, ಮುಂದೆ ಗಾಜು, ಮೇಲೆ ಮಡಚುವ ಬಟ್ಟೆಯ ಚಾವಣಿ. ಇನ್ನೊಂದು ಹೋಂಸ್ಟೇ ನಡೆಸುತ್ತಿದ್ದವರೊಬ್ಬರು ಮಾರುತ್ತಿದ್ದ ಅಲ್ಯೂಮಿನಿಯಂ ದೋಣಿ. ಹದಿನಾರು ಅಡಿ, ಅಗಲ ಜಾಸ್ತಿ, ಅಡಿ ಹೆಚ್ಚುಕಡಿಮೆ ಚಪ್ಪಟೆ, ಹಿಂದೆ ಕೂತು ಕೈಯಲ್ಲೇ ತಿರುಗಿಸುವ 20 ಎಚ್‌ಪಿ ನಾಲ್ಕು ಸ್ಟ್ರೋಕ್ ಎಂಜಿನ್ನು. ಗಾಜಿಲ್ಲ, ಚಾವಣಿ ಇಲ್ಲ, ಅಡ್ಡಹಲಗೆಯ ಮೂರು ಸೀಟು. ಬೆಲೆಯಲ್ಲಿ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಹಾಗಾಗಿ ದುಡ್ಡು ನಮ್ಮ ಪರವಾಗಿ ತೀರ್ಮಾನ ಮಾಡಿಬಿಡಲಿಲ್ಲ.

ಫೈಬರ್ ದೋಣಿಯನ್ನು ಓಡಿಸಿ ನೋಡಿದ್ದು ಹೊನ್ನಾವರದ ಅಳಿವೆಯಲ್ಲಿ, ಅಂದರೆ ಇದೇ ಶರಾವತಿ ಕಡಲು ಸೇರುವಲ್ಲಿ. ನಾವು ಮಾತಾಡುವುದು ಒಂದೇ ನದಿಯ ಎರಡು ತುದಿಯ ಬಗ್ಗೆ. ದೋಣಿ ಬಹಳ ಚೆನ್ನಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಸಮುದ್ರದ ಕಡೆಯಿಂದ ಗಾಳಿ ಬೀಸಿ ಸಣ್ಣ ಅಲೆ ಎದ್ದಿತ್ತು. ಆಳವಾದ ವಿ ಆಕಾರ ಅದನ್ನು ಸೀಳಿಕೊಂಡು ಹೋಯಿತು. ಸೀಟಿನಲ್ಲಿ ಕೂತವರ ಬೆನ್ನಿಗೆ ಏಟು ಬೀಳಲಿಲ್ಲ. ಮಗ ಸ್ಟೀರಿಂಗ್ ಹಿಂದೆ ಕೂತವನು ಏಳಲಿಲ್ಲ. ಅವನ ಮಾವ "ಭಾವ, ಇದನ್ನ ಬಿಟ್ಟರೆ ಇಂಥದು ಮತ್ತೆ ಸಿಗಲ್ಲ" ಎಂದ. ಅದೂ ಸುಳ್ಳಲ್ಲ.

ಎಂಜಿನ್ ನಿಲ್ಲಿಸಿದಾಗ ನನಗೆ ಬೇರೆ ವಿಷಯ ಕಾಣಿಸಿತು. ಓಡುವಾಗ ಸುಖ ಕೊಡುವ ಆಳವಾದ ಅಡಿ, ನಿಂತಾಗ ಬದಿಯಿಂದ ಬದಿಗೆ ತೊನೆಯುತ್ತದೆ. ಚಪ್ಪಟೆ ಅಡಿಯ ದೋಣಿ ಅಷ್ಟು ತೊನೆಯುವುದಿಲ್ಲ. ಮಾವನಿಗೆ ಬೇಕಿದ್ದದ್ದು ನಿಲ್ಲುವ ದೋಣಿ. ಅತ್ತೆ ಆ ದಿನ ಜೊತೆಗಿದ್ದರು. ಅವರಿಗೆ ಎರಡೂ ಮಂಡಿ ನೋವು. ಕಟ್ಟೆಯಿಂದ ದೋಣಿಗೆ ಹತ್ತಲು ಅವರು ಸೀರೆ ಎತ್ತಿ, ಒಂದು ಕಾಲನ್ನು ಎತ್ತರದ ಅಂಚಿನ ಮೇಲೆ ಹಾಕಿ, ನಮ್ಮ ಇಬ್ಬರ ಹೆಗಲು ಹಿಡಿದು ಒಳಗೆ ಬಂದರು. ಇಳಿಯುವಾಗ ಇನ್ನೂ ಕಷ್ಟವಾಯಿತು. ಅದು ಸಿಮೆಂಟಿನ ಕಟ್ಟೆ. ನಮ್ಮ ಕಡೆ ಕಟ್ಟೆಯೇ ಇಲ್ಲ, ಕೆಂಪು ಮಣ್ಣಿನ ಇಳಿಜಾರು. "ನಂಗೆ ಇದು ಆಗಲ್ಲ, ನೀವೆಲ್ಲ ಹೋಗ್ಬನ್ನಿ, ನಾನು ದಡದಲ್ಲಿ ಕೂತಿರ್ತೀನಿ" ಎಂದರು ಅವರು. ಆ ಮಾತು ನನ್ನ ಹೆಂಡತಿಗೆ ಬಹಳ ತಾಗಿತು. ಅಮ್ಮ ದಡದಲ್ಲಿ ಕೂತರೆ ಈ ದೋಣಿ ಯಾಕೆ ಬೇಕು ಅಂತ ಅವಳು ದಾರಿಯುದ್ದಕ್ಕೂ ಕೇಳಿದಳು. ನನಗೂ ಉತ್ತರ ಇರಲಿಲ್ಲ. ಮನೆಯ ಎಲ್ಲರಿಗಾಗಿ ಎಂದು ತರುವ ವಸ್ತುವಿನಲ್ಲಿ ಅತಿ ಕಷ್ಟಪಡುವವರ ಕಾಲೇ ಅಳತೆಗೋಲು ಎಂದು ಆವತ್ತು ನನ್ನಲ್ಲಿ ಗಟ್ಟಿಯಾಯಿತು.

ಅಲ್ಯೂಮಿನಿಯಂ ದೋಣಿಯ ಮೂತಿಯನ್ನು ನೇರವಾಗಿ ದಡದ ಮಣ್ಣಿಗೆ ತಾಗಿಸಬಹುದು. ಮೂತಿ ತಗ್ಗು. ಒಂದು ಮೆಟ್ಟಿಲು ಬೆಸುಗೆ ಹಾಕಿಸಿ, ಹಿಡಿಯಲು ಒಂದು ಪೈಪು ನಿಲ್ಲಿಸಿದರೆ ಅತ್ತೆ ನಡೆದುಕೊಂಡೇ ಒಳಗೆ ಹೋಗುತ್ತಾರೆ. ಒಬ್ಬರು ಒಂದು ಬದಿಗೆ ಸರಿದರೆ ಹಗುರವಾದ ದೋಣಿಯಾದ್ದರಿಂದ ತಟ್ಟನೆ ವಾಲುತ್ತದೆ, ಹೌದು. ಆದರೆ ಅಗಲವಿರುವುದರಿಂದ ಅಲ್ಲಿಗೇ ನಿಲ್ಲುತ್ತದೆ. ನಾನೇ ಅಂಚಿಗೆ ಹೋಗಿ ನಿಂತು ನೋಡಿದೆ, ಮಗನನ್ನೂ ಪಕ್ಕಕ್ಕೆ ಕರೆದು ನೋಡಿದೆ.

ಇನ್ನು ನೀರಿನ ಅಡಿಯ ವಿಷಯ. ಎಲ್ಲಕ್ಕಿಂತ ಹೆಚ್ಚು ಯೋಚಿಸಿದ್ದು ಇದರ ಬಗ್ಗೆಯೇ. ಲಿಂಗನಮಕ್ಕಿ ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಮಳೆಗಾಲದಲ್ಲಿ ಏರುವ ನೀರು ವಿದ್ಯುತ್ತಿಗಾಗಿ ಬಿಡುತ್ತಾ ಬಿಡುತ್ತಾ ಬೇಸಿಗೆಯ ಕೊನೆಗೆ ಹತ್ತಾರು ಅಡಿ ಇಳಿದಿರುತ್ತದೆ. ದಡ ಎಲ್ಲೋ ದೂರ ಹೋಗಿರುತ್ತದೆ. ಬಹಳ ಇಳಿದ ವರ್ಷ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟೇ ಮೇಲೆ ಬರುತ್ತದೆ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ನೀರು ಕೊಡಲು 1940ರ ದಶಕದಲ್ಲಿ ಕಟ್ಟಿದ ಆ ಅಣೆಕಟ್ಟು ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತು. ಅದರ ಜೊತೆಗೆ ಕಾಡೂ ಮುಳುಗಿತು. ಕಡಿದ ಮರಗಳ ಬೊಡ್ಡೆ, ಕಡಿಯದೆ ಬಿಟ್ಟ ಮರಗಳ ಕೊರಡು ಇವತ್ತಿಗೂ ಅಲ್ಲೇ ನಿಂತಿವೆ. ನೀರಿನಲ್ಲಿ ಸದಾ ಮುಳುಗಿದ ಮರ ಬೇಗ ಕೊಳೆಯುವುದಿಲ್ಲ, ಅದಕ್ಕೆ ಬೇಕಾದ ಗಾಳಿ ಅಲ್ಲಿ ಸಿಗುವುದಿಲ್ಲ. ನೀರು ತುಂಬಿದಾಗ ಆಳದಲ್ಲಿರುವ ಕೊರಡು, ಜನವರಿ ಫೆಬ್ರವರಿಗೆ ಮೇಲ್ಮೈಯಿಂದ ಒಂದಡಿ ಕೆಳಗೆ ಇರುತ್ತದೆ. ಹಾಗೆ ಕಾಣದೆ ನಿಂತಿರುವಾಗಲೇ ಅಪಾಯ.

60 ಎಚ್‌ಪಿ ದೋಣಿಯ ಅಡಿ ಮತ್ತು ಪ್ರೊಪೆಲ್ಲರ್ ಸೇರಿ ಎರಡು ಅಡಿಗಿಂತ ಹೆಚ್ಚು ನೀರು ಬೇಡುತ್ತದೆ. ವೇಗ ಇಟ್ಟುಕೊಂಡರೆ ಮಾತ್ರ ಅದು ನೀರಿನ ಮೇಲೆ ಎದ್ದು ಹಗುರವಾಗಿ ಓಡುವುದು. ನಮ್ಮ ನೀರಿನಲ್ಲಿ ಆ ವೇಗದಲ್ಲಿ ಕೊರಡಿಗೆ ಬಡಿದರೆ ಫೈಬರ್ ಸೀಳುತ್ತದೆ, ಎಂಜಿನ್ನಿನ ಕೆಳಭಾಗ ಮುರಿಯುತ್ತದೆ, ಕೂತವರು ಮುಂದಕ್ಕೆ ಹಾರುತ್ತಾರೆ. ನಿಧಾನ ಹೋಗಬಹುದಲ್ಲ ಎಂದರೆ, ಹೋಗಬಹುದು. ಆಗ ಆ ದೋಣಿಯಲ್ಲಿ ಕೊಂಡ ಒಳ್ಳೆಯ ಗುಣವೆಲ್ಲ ಸುಮ್ಮನೆ ಕೂತಿರುತ್ತದೆ. ಅಲ್ಯೂಮಿನಿಯಂ ದೋಣಿ ಒಂದೂವರೆ ಅಡಿ ನೀರಿನಲ್ಲಿ ಎಂಜಿನ್ ಸ್ವಲ್ಪ ಮೇಲೆತ್ತಿಕೊಂಡು ಹೋಗುತ್ತದೆ. ಬಡಿದರೆ ಸಾಮಾನ್ಯವಾಗಿ ನೆಗ್ಗುತ್ತದೆ, ಸೀಳುವುದು ಅಪರೂಪ. ನಾವು ನೋಡಿದ ದೋಣಿಯ ತಗಡು ಮೂರು ಮಿಲಿಮೀಟರ್, ದೋಣಿಗಳಿಗೆ ಬಳಸುವ 5083 ದರ್ಜೆಯದು, ರಿವೆಟ್ ಇಲ್ಲದೆ ಪೂರ್ತಿ ಬೆಸುಗೆ. ರಿವೆಟ್ ಹಾಕಿದವು ವರ್ಷಗಳ ಮೇಲೆ ಸಡಿಲವಾಗಿ ಜಿನುಗುತ್ತವೆ ಅಂತ ಅದನ್ನು ಮೊದಲೇ ಕೇಳಿಕೊಂಡಿದ್ದೆ.

ರಿಪೇರಿಯವನಾಗಿ ಇನ್ನೊಂದು ಮಾತು ಹೇಳಬೇಕು. ಫೈಬರಿನ ಮೇಲಿನ ಹೊಳೆಯುವ ಪದರ ಒಡೆದರೆ ನೀರು ಒಳಗಿನ ಪದರಕ್ಕೆ ಇಳಿಯುತ್ತದೆ. ಅದನ್ನು ಪೂರ್ತಿ ಒಣಗಿಸಿ, ಉಜ್ಜಿ, ರೆಸಿನ್ ಮತ್ತು ಗಾಜಿನ ನಾರಿನ ಚಾಪೆ ಹಾಕಿ ಮುಚ್ಚಬೇಕು. ಒಣಗಿಸುವುದು ಅಂದರೆ ಏನು ಅಂತ ಜೂನ್‌ನಿಂದ ಅಕ್ಟೋಬರ್‌ವರೆಗೆ ಸಾಗರದಲ್ಲಿ ಬಟ್ಟೆ ಒಣಗಿಸಿದವರಿಗೆ ಗೊತ್ತು. ಅಲ್ಯೂಮಿನಿಯಂ ಆದರೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಒಯ್ದರೆ ಆರ್ಗಾನ್ ವೆಲ್ಡಿಂಗ್ ಮಾಡುವವರು ಇದ್ದಾರೆ, ಮಳೆಗಾಲವಾದರೂ ಕೆಲಸ ನಡೆಯುತ್ತದೆ. ಸಾಮಾನ್ಯ ತಂತಿ ಹಾಕದೆ ಈ ದರ್ಜೆಗೆ ಹೊಂದುವ 5356 ತಂತಿ ಹಾಕಲು ಹೇಳಬೇಕು, ಅಷ್ಟೇ.

ಹೊನ್ನಾವರದ ದೋಣಿ ಉಪ್ಪುನೀರಿನಲ್ಲಿ ದುಡಿದದ್ದು ಎನ್ನುವುದೂ ಲೆಕ್ಕಕ್ಕೆ ಬಂತು. ಎಂಜಿನ್ ತಂಪಾಗುವುದು ಹೊರಗಿನ ನೀರನ್ನೇ ಎಳೆದುಕೊಂಡು. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯದಿದ್ದರೆ ಆ ನೀರಿನ ಸಣ್ಣ ದಾರಿಗಳಲ್ಲಿ ಉಪ್ಪು ಕಟ್ಟುತ್ತದೆ. ಹಿಂದೆ ಹೊರಬರುವ ನೀರಿನ ಜೆಟ್ ಜೋರಾಗಿ ಇದೆಯಾ, ಕೈಗೆ ಎಷ್ಟು ಬಿಸಿ ತಾಗುತ್ತದೆ ಎಂದು ನೋಡಿದೆ. ಗೇರ್ ಎಣ್ಣೆಯ ತಿರುಪು ಬಿಚ್ಚಿಸಿದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲಿನ ಮೂಲಕ ನೀರು ಹೋಗಿದೆ ಅಂತ ಅರ್ಥ. ಅದು ಚೊಕ್ಕವಾಗಿತ್ತು. ಎಂಜಿನ್ ತೂಗುಹಾಕುವ ಹಿಂಬದಿಯ ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ಬಡಿದಾಗ ಮಾತ್ರ ಒಂದು ಮೂಲೆಯಲ್ಲಿ ಮಂದ ಶಬ್ದ ಬಂತು. ಫೈಬರಿನ ಒಳಗೆ ಅಲ್ಲಿ ಪ್ಲೈವುಡ್ ಇರುತ್ತದೆ. ಅದು ನೀರು ಕುಡಿದರೆ ಒಳಗೇ ಕೊಳೆಯುತ್ತದೆ. ಹೊರಗಿನಿಂದ ಬಣ್ಣ ಹೊಳೆಯುತ್ತಲೇ ಇರುತ್ತದೆ. 60 ಎಚ್‌ಪಿಯ ನೂರು ಕಿಲೋ ದಾಟುವ ಎಂಜಿನ್ನು ನೇತಾಡುವುದು ಅದರ ಮೇಲೇ. ಬಳಸಿದ ಫೈಬರ್ ದೋಣಿ ಕೊಳ್ಳುವವರು ಬೇರೆ ಏನು ಬಿಟ್ಟರೂ ಆ ಹಲಗೆಯನ್ನು ಬಡಿದು ನೋಡದೆ ಮುಂಗಡ ಕೊಡಬೇಡಿ.

ಕರಾವಳಿಯಿಂದ ಘಟ್ಟ ಹತ್ತಿಸಿದ ಎಂಜಿನ್ನು ಇಲ್ಲಿ ಸ್ವಲ್ಪ ಸೊರಗುತ್ತದೆ. ಸಾವಿರ ಅಡಿ ಎತ್ತರಕ್ಕೆ ಸುಮಾರು ಶೇಕಡ 3ರಷ್ಟು ಶಕ್ತಿ ಕಡಿಮೆಯಾಗುತ್ತದೆ, ಹಾಗಾಗಿ ನಮ್ಮ ಹಿನ್ನೀರಿನಲ್ಲಿ ಶೇಕಡ 5ರ ಸುಮಾರು. ಅದಕ್ಕಾಗಿ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ 20 ಎಚ್‌ಪಿಯಲ್ಲಿ ಆರು ಜನ ಕೂರುವಾಗ ಆ ಒಂದು ಎಚ್‌ಪಿ ಗೊತ್ತಾಗುತ್ತದೆ. ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ಅಳತೆ, ಒಂದಿಂಚು ಕಡಿಮೆ ಇರುವ ಪ್ರೊಪೆಲ್ಲರ್ ಹಾಕಿದರೆ ಎಂಜಿನ್ ಏದುಸಿರು ಬಿಡದೆ ಎಳೆಯುತ್ತದೆ.

ಪೆಟ್ರೋಲಿನ ಲೆಕ್ಕವನ್ನು ಮಗನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಪೂರ್ತಿ ಎಕ್ಸಲರೇಟರ್ ಕೊಟ್ಟರೆ 60 ಎಚ್‌ಪಿ ಗಂಟೆಗೆ ಇಪ್ಪತ್ತು ಲೀಟರಿನ ಆಚೀಚೆ ಕುಡಿಯುತ್ತದೆ, 20 ಎಚ್‌ಪಿ ಏಳರ ಸುಮಾರು. ನಿಧಾನಕ್ಕೆ ಹೋದರೆ ಅದರಲ್ಲಿ ಅರ್ಧವೂ ಬೇಡ. ಲೀಟರಿಗೆ ನೂರು ದಾಟಿದ ಪೆಟ್ರೋಲಿನಲ್ಲಿ ಮನೆಯವರು "ಈ ಭಾನುವಾರ ಹೋಗೋಣ್ವಾ?" ಅಂತ ಕೇಳಿದಾಗ ಬಾಯಿಂದ ಹೌದು ಅಂತ ಬರಬೇಕು. ಮಗ ಲೆಕ್ಕ ನೋಡಿ ಸುಮ್ಮನಾದ. ಅವನಿಗೆ ಬೇಸರ ಆಗಿದ್ದು ನನಗೆ ಕಾಣುತ್ತಿತ್ತು. ಅವನ ಆಸೆ ತಪ್ಪೇನಲ್ಲ, ಹದಿಮೂರನೇ ವಯಸ್ಸಿಗೆ ವೇಗ ಬೇಕು ಅನ್ನಿಸಲೇಬೇಕು. ಚುಕ್ಕಾಣಿ ಕಲಿಸುವುದು ಅವನಿಗೇ ಮೊದಲು ಅಂತ ಮಾತು ಕೊಟ್ಟಿದ್ದೇನೆ. ಕೈಯಲ್ಲಿ ಹಿಡಿಯುವ ಚುಕ್ಕಾಣಿಯಲ್ಲಿ ನೀರು ಹೇಗೆ ಎಳೆಯುತ್ತದೆ ಅಂತ ಅಂಗೈಗೇ ತಿಳಿಯುತ್ತದೆ, ಸ್ಟೀರಿಂಗಿನಲ್ಲಿ ಅಷ್ಟು ತಿಳಿಯುವುದಿಲ್ಲ.

ದೋಣಿಯನ್ನು ನೀರಿಗೆ ಇಳಿಸುವುದು, ಎತ್ತುವುದು ಹೇಗೆ ಅಂತ ಯೋಚಿಸಿದಾಗ ಉಳಿದ ಅನುಮಾನವೂ ಹೋಯಿತು. ಫೈಬರ್ ದೋಣಿ, ಎಂಜಿನ್ನು, ಟ್ರೇಲರ್ ಸೇರಿದರೆ ಟನ್ನಿನ ಹತ್ತಿರ ಬರುತ್ತದೆ. ಎಳೆಯಲು ಬೊಲೆರೋ ಬೇಕು. ಇಳಿಸಲು ಗಟ್ಟಿಯಾದ ಇಳಿಜಾರು ಬೇಕು. ಡಿಸೆಂಬರಿನಲ್ಲಿ ಇದ್ದ ದಡ ಮಾರ್ಚಿನಲ್ಲಿ ಇರುವುದಿಲ್ಲ, ನಡುವೆ ಕೆಸರು. ಅಲ್ಲಿ ಬೊಲೆರೋ ಹೂತರೆ ಅದನ್ನು ಎಳೆಯಲು ಟ್ರ್ಯಾಕ್ಟರ್ ಬೇಕು. ಅಲ್ಯೂಮಿನಿಯಂ ದೋಣಿಯಾದರೆ ಎಂಜಿನ್ ಬಿಚ್ಚಿ ಅದನ್ನು ಇಬ್ಬರು ಹೊರಬಹುದು. ಅಡಿಕೆ ಮರದ ತುಂಡುಗಳನ್ನು ಅಡಿಗೆ ಉರುಳೆಯಾಗಿ ಕೊಟ್ಟು ನಾಲ್ಕು ಜನ ದೂಡಿದರೆ ದೋಣಿ ದಡ ಹತ್ತುತ್ತದೆ. ಮಳೆಗಾಲದಲ್ಲಿ ಕೊಟ್ಟಿಗೆಯ ಮಾಡಿನಡಿ ಮಗುಚಿ ಹಾಕಿದರಾಯಿತು. ಫೈಬರ್ ದೋಣಿಯನ್ನು ಮಗುಚುವ ಮಾತೇ ಇಲ್ಲ. ಟಾರ್ಪಾಲಿನ್ ಮುಚ್ಚಿದರೂ ನಮ್ಮ ಮಳೆಗೆ ದಿನಾ ನೀರು ಮೊಗೆಯಬೇಕು.

ಅಲ್ಯೂಮಿನಿಯಂ ದೋಣಿಯ ಕೊರತೆಗಳನ್ನೂ ಹೇಳುತ್ತೇನೆ, ಯಾಕೆಂದರೆ ಅವನ್ನು ತಿಳಿದೇ ಆರಿಸಿದ್ದು. ಸಣ್ಣ ಅಲೆ ತಾಗಿದರೂ ತಗಡು ಡಬಡಬ ಅನ್ನುತ್ತದೆ. ಬಿಸಿಲಿಗೆ ಸೀಟು ಸುಡುತ್ತದೆ, ಕಂಬಳಿಯನ್ನೋ ಚಾಪೆಯನ್ನೋ ಹಾಸದೆ ಕೂರಲಾಗದು. ಗಾಳಿ ಜೋರಾದರೆ ಹಗುರ ದೋಣಿಯ ಮೂತಿ ಎತ್ತೆತ್ತಲೋ ತಿರುಗುತ್ತದೆ. ಹಿನ್ನೀರು ಅಗಲವಾಗಿರುವ ಕಡೆ ಮಧ್ಯಾಹ್ನದ ಗಾಳಿಗೆ ಏಳುವ ಅಲೆ ಸಣ್ಣದಲ್ಲ. ಹಾಗಾಗಿ ನಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯುವುದೇ ಇಲ್ಲ ಎಂದು ಮನೆಯಲ್ಲಿ ಮಾತಾಗಿದೆ. ಉಳಿದ ತಿಂಗಳು ಬೆಳಿಗ್ಗೆ ಹೋಗಿ ಹನ್ನೊಂದರೊಳಗೆ ದಡಕ್ಕೆ. ಗಂಗೊಳ್ಳಿ, ಹೊನ್ನಾವರದಂಥ ಅಳಿವೆಯ ಪಕ್ಕದಲ್ಲಿ ಮನೆಯಿದ್ದು, ಕಟ್ಟೆಯ ಅನುಕೂಲ ಇದ್ದು, ಅಡಿಯಲ್ಲಿ ಮರಳು ಇರುವವರು ಫೈಬರ್ ದೋಣಿಯನ್ನೇ ತೆಗೆದುಕೊಳ್ಳಲಿ. ನಾನು ಅಲ್ಲಿದ್ದರೆ ಅದನ್ನೇ ತರುತ್ತಿದ್ದೆ.

ಯಾವ ದೋಣಿ ತಂದರೂ ಉಳಿದ ಸುರಕ್ಷತೆ ನಮ್ಮ ಕೈಯಲ್ಲಿದೆ. ತೆಪ್ಪ ಮಗುಚಿ, ಉಕ್ಕಡ ಮಗುಚಿ ಜೀವ ಹೋದ ಸುದ್ದಿ ಈ ಭಾಗದಲ್ಲಿ ಯಾವ ಮನೆಗೂ ಹೊಸದಲ್ಲ. ಹೋದವರಲ್ಲಿ ಈಜು ಬಲ್ಲವರೂ ಇದ್ದರು. ಆದ್ದರಿಂದ ಲೈಫ್ ಜಾಕೆಟ್ ಹಾಕದೆ ನಮ್ಮ ದೋಣಿಗೆ ಯಾರೂ ಹತ್ತುವ ಹಾಗಿಲ್ಲ. ನೆಂಟರಾದರೂ ಅಷ್ಟೇ, ಹಿರಿಯರಾದರೂ ಅಷ್ಟೇ. ಮಕ್ಕಳಿಗೆ ದೊಡ್ಡವರ ಜಾಕೆಟ್ ಬಿಗಿದು ಕಟ್ಟಿದರೆ ಸಾಲದು. ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಹೋಗಿ ಮಗು ಕೆಳಗೆ ಜಾರುತ್ತದೆ. ಮಗುವಿನ ತೂಕಕ್ಕೆ ತಕ್ಕದ್ದು, ಕಾಲಿನ ನಡುವೆ ಪಟ್ಟಿ ಇರುವುದು, ತಲೆಯ ಹಿಂದೆ ಕಾಲರ್ ಇರುವುದು ಬೇಕು. ಅತ್ತೆಗೆ ಸೀರೆಯ ಮೇಲೆ ಜಾಕೆಟ್ ಹಾಕಿ ನೋಡಿದಾಗ ಸೆರಗು ಬಕಲ್ಲಿಗೆ ಸಿಕ್ಕುತ್ತಿತ್ತು. ಈಗ ಅವರೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೇಲೆ ಜಾಕೆಟ್ ಹಾಕುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ. ಎಂಜಿನ್ ಹಿಡಿದವರ ಕೈಗೆ ಕಟ್ಟುವ ಕೆಂಪು ದಾರವನ್ನು ಯಾರೂ ಹಗುರವಾಗಿ ನೋಡಬೇಡಿ. ಚಾಲಕ ನೀರಿಗೆ ಬಿದ್ದ ಕೂಡಲೇ ಅದು ಕಳಚಿ ಎಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ಖಾಲಿ ದೋಣಿ ಸುತ್ತು ಹಾಕಿ ಪ್ರೊಪೆಲ್ಲರ್ ಸಮೇತ ಬಿದ್ದವರ ಮೇಲೇ ಬರಬಹುದು. ದೋಣಿಯ ಸೀಟಿನ ಕೆಳಗಿನ ಫೋಮ್ ಕೂಡ ಬಿಚ್ಚಿ ನೋಡಿದೆವು. ಮುಳುಗದಂತೆ ತಡೆಯುವುದು ಅದೇ. ಹಳೆಯ ಫೋಮ್ ನೀರು ಹೀರಿಕೊಂಡಿದ್ದರೆ ಅದೇ ಭಾರ. ಎರಡು ತುಂಡು ಒದ್ದೆಯಿದ್ದವು, ಬದಲಾಯಿಸಿದೆ.

ದೋಣಿ ಈಗ ಮಾವನವರ ಕೊಟ್ಟಿಗೆಯಲ್ಲಿದೆ. ಅದಕ್ಕೂ ಮೊದಲು ಮಾಡಿದ ಒಂದು ಕೆಲಸವನ್ನು ಹಿನ್ನೀರಿನ ದಡದಲ್ಲಿರುವ ಎಲ್ಲರಿಗೂ ಹೇಳಬೇಕು ಅನ್ನಿಸುತ್ತದೆ. ಮೇ ತಿಂಗಳಲ್ಲಿ ನೀರು ಪೂರ್ತಿ ಇಳಿದಾಗ, ದೋಣಿ ಓಡಿಸಬೇಕೆಂದಿದ್ದ ದಾರಿಯಲ್ಲಿ ನಾವು ನಡೆದೆವು. ಒಡೆದ ಮಣ್ಣು, ಕಪ್ಪು ಬೊಡ್ಡೆಗಳು, ಅಲ್ಲಲ್ಲಿ ಅಗಳಿನ (ಕಂದಕದ) ಗುರುತು. ಮಾವ ಮುಂದೆ, ಮಗ ಫೋನ್ ಹಿಡಿದು ಹಿಂದೆ. ಪ್ರತಿ ಎತ್ತರದ ಬೊಡ್ಡೆಗೆ, ಬಂಡೆಗೆ ಜಿಪಿಎಸ್ ಗುರುತು ಹಾಕಿ, ಅದರ ಎತ್ತರವನ್ನು ಪಕ್ಕದಲ್ಲಿ ಬರೆದುಕೊಂಡ. ಜಲಾಶಯದ ಮಟ್ಟ ಪತ್ರಿಕೆಯಲ್ಲಿ ಬರುತ್ತದಲ್ಲ, ಅದನ್ನು ನೋಡಿದರೆ ಈ ವಾರ ಯಾವ ಬೊಡ್ಡೆಯ ಮೇಲೆ ಎಷ್ಟು ನೀರಿದೆ ಅಂತ ಅಂದಾಜು ಸಿಗುತ್ತದೆ. ನಡೆಯುತ್ತಾ ಮಾವ ಒಂದೊಂದೇ ಹೇಳಿದರು: ಇದು ಬೆಟ್ಟದ ಕಡೆ ಹೋಗುವ ದಾರಿ, ಇಲ್ಲಿ ಗದ್ದೆಯ ಅಂಚು, ಈ ಬೊಡ್ಡೆ ಹಲಸಿನದು, ಇದರ ಹಣ್ಣು ತಿಂದಿದ್ದೇನೆ. ಮಗ ಫೋನಿನಲ್ಲಿ ಕೊರಡಿನ ಗುರುತಿನ ಪಕ್ಕ ಅದನ್ನೂ ಬರೆದ. ಈಗ ನಮ್ಮ ನಕಾಶೆಯಲ್ಲಿ ಅಪಾಯದ ಜಾಗಗಳೂ ಅಜ್ಜನ ಊರೂ ಒಟ್ಟಿಗೆ ಇವೆ.

ಕಳಸವಳ್ಳಿ ಕಡೆಯ ಒಂದು ಕವಲು ಮಾತ್ರ ಬಾಕಿ ಉಳಿಯಿತು, ಅಷ್ಟರಲ್ಲಿ ಮಳೆ ಹಿಡಿಯಿತು. ಆ ಭಾಗದಲ್ಲಿ ತೋಟ, ಗದ್ದೆ ಇದ್ದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಮುಂದಿನ ಮೇ ತಿಂಗಳಲ್ಲಿ ನಮ್ಮ ಜೊತೆ ನಡೆಯಲು ಬರಲಿ. ನಡೆಯಲಾಗದವರಿಗೆ ಅಕ್ಟೋಬರಿನಿಂದ ದೋಣಿಯಲ್ಲಿ ಜಾಗ ಇದೆ, ಮೆಟ್ಟಿಲೂ ಹಿಡಿಯುವ ಪೈಪೂ ಬೆಸುಗೆಯಾಗಿವೆ.